ಪಾತ್ರದ ಬೆನ್ನು ಹೇಗಿದೆ? ಅನಿಮೇಷನ್ ಡಿಸೈನರ್ ಆಗಬಯಸುವವರಿಗೆ

ಕೆಲಸ ಕೇಳಿಕೊಂಡು ಬರುವ ಹೊಸಬರು ತಮ್ಮ ಚಿತ್ರಗಳನ್ನು ಜೋಡಿಸಿ ತರುವ ಪೋರ್ಟ್‌ಫೋಲಿಯೊ ತೆರೆದಾಗ ನಾನು ಮೊದಲು ಹುಡುಕುವುದು ಪಾತ್ರದ ಬೆನ್ನನ್ನು. ಮುಖ ಹೇಗೂ ಚೆನ್ನಾಗಿಯೇ ಇರುತ್ತದೆ. ಚಿತ್ರ ಬರೆಯುವ ಗೀಳು ಹತ್ತಿದವರೆಲ್ಲ ಮೊದಲು ಕಲಿಯುವುದೇ ಮುಖವನ್ನು. ಕಣ್ಣಿನಲ್ಲಿ ಹೊಳಪಿರುತ್ತದೆ, ಗಾಳಿಗೆ ಹಾರುವ ಕೂದಲಿರುತ್ತದೆ, ಹಿಂದೆ ಮುಳುಗುತ್ತಿರುವ ಸೂರ್ಯನೂ ಇರುತ್ತಾನೆ. ಆದರೆ ಆ ಹುಡುಗಿ ತಿರುಗಿ ನಿಂತರೆ ಜಡೆ ಎಲ್ಲಿಂದ ಹೊರಡುತ್ತದೆ, ರವಿಕೆಯ ಹಿಂಬದಿ ಹೇಗಿದೆ, ಹೆಗಲಿಗೆ ಹಾಕಿದ ಚೀಲದ ಪಟ್ಟಿ ಯಾವ ಭುಜದ ಮೇಲೆ ಹಾದುಹೋಗುತ್ತದೆ ಎಂಬ ಪ್ರಶ್ನೆಗಳಿಗೆ ಇಪ್ಪತ್ತು ಪುಟ ತಿರುವಿದರೂ ಉತ್ತರ ಸಿಗುವುದಿಲ್ಲ.

ಡಿಸೈನರ್ ಬರೆದ ಚಿತ್ರವನ್ನು ಪ್ರೇಕ್ಷಕರು ನೋಡುತ್ತಾರೆ ಎಂದು ಹೊಸಬರು ಭಾವಿಸಿರುತ್ತಾರೆ. ವಾಸ್ತವವಾಗಿ ಅದನ್ನು ನೋಡುವವರು ಅದೇ ಸ್ಟುಡಿಯೊದಲ್ಲಿ, ಕೆಲವೊಮ್ಮೆ ಬೇರೊಂದು ದೇಶದ ಸ್ಟುಡಿಯೊದಲ್ಲಿ ಕುಳಿತು, ಆ ಪಾತ್ರವನ್ನು ಸಾವಿರಾರು ಸಲ ಮತ್ತೆ ಬರೆಯಬೇಕಾದ, ಅಥವಾ ಅದನ್ನು ಮೂರು ಆಯಾಮಗಳಲ್ಲಿ ರೂಪಿಸಿ ಒಳಗೊಂದು ಎಲುಬಿನ ಹಂದರ ಕೂಡಿಸಿ ಆಡಿಸಬೇಕಾದ ಸಹೋದ್ಯೋಗಿಗಳು. ಅವರಿಗಾಗಿ ಸಿದ್ಧವಾಗುವ ಹಾಳೆಗೆ ಮಾಡೆಲ್ ಶೀಟ್ ಎಂದು ಹೆಸರು. ಪಾತ್ರವನ್ನು ಮುಂದಿನಿಂದ, ಮುಕ್ಕಾಲು ಓರೆಯಿಂದ, ಪಕ್ಕದಿಂದ ಮತ್ತು ಹಿಂದಿನಿಂದ, ಕಣ್ಣು, ಗಲ್ಲ, ಸೊಂಟ, ಮೊಣಕಾಲುಗಳು ಎಲ್ಲ ನೋಟಗಳಲ್ಲಿಯೂ ಒಂದೇ ಅಡ್ಡಗೆರೆಯ ಮೇಲೆ ಬರುವಂತೆ ನಿಲ್ಲಿಸಿ ಬರೆಯುವುದು ಟರ್ನ್‌ಅರೌಂಡ್. ಇದರ ಜೊತೆಗೆ ಮುಖಭಾವಗಳ ಹಾಳೆ, ಕೈಗಳ ಹಾಳೆ, ಎಲ್ಲ ಪಾತ್ರಗಳನ್ನು ಸಾಲಾಗಿ ನಿಲ್ಲಿಸಿ ಯಾರ ತಲೆ ಯಾರ ಭುಜಕ್ಕೆ ಬರುತ್ತದೆ ಎಂದು ತೋರಿಸುವ ಎತ್ತರದ ಪಟ್ಟಿ, ಹಗಲು, ರಾತ್ರಿ, ಸಂಜೆಗಳಿಗೆ ಬೇರೆ ಬೇರೆ ಬಣ್ಣದ ಪಟ್ಟಿ, ಮಾತಿಗೆ ತಕ್ಕ ಬಾಯಿಯ ಆಕಾರಗಳ ಪಟ್ಟಿ ಇವೆಲ್ಲ ಬೇಕಾಗುತ್ತವೆ. ಬಾಯಿಪಟ್ಟಿಯ ಬಗ್ಗೆ ಪ್ರಾಸಂಗಿಕವಾಗಿ ಒಂದು ಮಾತು: ರೂಢಿಯಲ್ಲಿರುವ ಪಟ್ಟಿಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಮಾತಿಗೆಂದು ಮಾಡಿದವು; ನಮ್ಮ ಭಾಷೆಯಲ್ಲಿ ಪದಗಳು ಬಹುಪಾಲು ಸ್ವರದಲ್ಲಿಯೇ ಮುಗಿಯುವುದರಿಂದ, ಕನ್ನಡ ಮಾತನಾಡುವ ಪಾತ್ರದ ಬಾಯಿ ಪದದ ಕೊನೆಗೆ ಮುಚ್ಚಿಕೊಳ್ಳುವುದು ಅಪರೂಪ, ಆದ್ದರಿಂದ ಅರ್ಧ ತೆರೆದ ಬಾಯಿಯ ಆಕಾರಗಳನ್ನು ಎರಡು ಮೂರು ಹೆಚ್ಚಾಗಿಯೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಈ ಪಾಠವನ್ನು ನಾನು ಕಲಿತದ್ದು ಒಬ್ಬ ಅಜ್ಜಿಯಿಂದ. ವೃತ್ತಿಯ ಆರಂಭದ ದಿನಗಳಲ್ಲಿ ಮಕ್ಕಳ ಧಾರಾವಾಹಿಯೊಂದಕ್ಕೆ ಉತ್ತರ ಕರ್ನಾಟಕದ ಅಜ್ಜಿಯ ಪಾತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಚೌಕಳಿಯ ಇಳಕಲ್ ಸೀರೆ, ಗೋಮಿ ದಡಿ, ಖಣದ ಕುಪ್ಪಸ, ಎರಡೂ ಕೈಗೆ ಡಜನ್ ಹಸಿರು ಬಳೆ, ತಲೆಯ ಮೇಲೆ ಸೆರಗು, ಎಲ್ಲವನ್ನೂ ಒಂದು ವಾರ ಕುಳಿತು ಎಳೆ ಎಳೆಯಾಗಿ ಬರೆದು, ಹೆಮ್ಮೆಯಿಂದಲೇ ಒಪ್ಪಿಸಿದೆ. ಹಿರಿಯ ಅನಿಮೇಟರ್ ಒಬ್ಬರು ಅದನ್ನು ಬಹಳ ಹೊತ್ತು ನೋಡಿ, ‘ಬಾಳ ಚಂದ ಐತಿ, ಆದ್ರ ಈ ಅಜ್ಜಿನ್ನ ನೀನ ನಾಕ ಹೆಜ್ಜಿ ನಡಿಸಿ ತೋರಿಸು’ ಎಂದು ಹಾಳೆಯನ್ನು ನನ್ನ ಮೇಜಿಗೇ ವಾಪಸು ಇಟ್ಟು ಹೋದರು.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ತೆರೆಯ ಮೇಲೆ ಸೆಕೆಂಡಿಗೆ 24 ಫ್ರೇಮುಗಳು ಓಡುತ್ತವೆ. ಕೈಯಿಂದ ಬರೆಯುವ ಅನಿಮೇಷನ್ನಿನಲ್ಲಿ ಸಾಮಾನ್ಯವಾಗಿ ಒಂದೊಂದು ಚಿತ್ರವನ್ನು ಎರಡು ಫ್ರೇಮುಗಳ ಕಾಲ ನಿಲ್ಲಿಸುತ್ತಾರೆ, ಇದನ್ನೇ ಕಸುಬಿನವರು ‘ಟೂಸ್’ ಎನ್ನುವುದು. ಹಾಗಾದರೂ ಸೆಕೆಂಡಿಗೆ 12 ಚಿತ್ರಗಳು ಬೇಕು. ಸೆಕೆಂಡಿಗೊಂದು ಹೆಜ್ಜೆ ಇಡುವ ಅಜ್ಜಿಗೆ ನಾಲ್ಕು ಹೆಜ್ಜೆ ಎಂದರೆ 48 ಚಿತ್ರಗಳು. ಪ್ರತಿ ಚಿತ್ರದಲ್ಲಿಯೂ ಸೀರೆಯ ಚೌಕಳಿ ನೆರಿಗೆಯೊಡನೆ ಬಾಗಬೇಕು, ಇಪ್ಪತ್ನಾಲ್ಕು ಬಳೆಗಳು ತೋಳಿನೊಡನೆ ತಿರುಗಬೇಕು. ಮೂರು ದಿನ ಕುಳಿತರೂ ನಾನು ಹನ್ನೊಂದನೆಯ ಚಿತ್ರ ದಾಟಲಿಲ್ಲ; ಬರೆದ ಹನ್ನೊಂದನ್ನು ಓಡಿಸಿ ನೋಡಿದಾಗ, ಗೆರೆಗಳು ಒಂದು ಚಿತ್ರದಿಂದ ಇನ್ನೊಂದಕ್ಕೆ ಕೂದಲೆಳೆಯಷ್ಟು ಆಚೀಚೆ ಸರಿದಿದ್ದರಿಂದ ಸೀರೆಯ ತುಂಬ ಇರುವೆ ಹರಿದಂತೆ ಕಾಣಿಸಿತು. ಬಳೆಯ ಮಾತು ಹಾಗಿರಲಿ, ಒಂದು ಅಂಗಿಗೆ ಐದು ಗುಂಡಿ ಎಂದುಕೊಳ್ಳೋಣ. 22 ನಿಮಿಷದ ಒಂದು ಕಂತಿಗೆ ಈ ಲೆಕ್ಕದಲ್ಲಿ 15,840 ಚಿತ್ರಗಳಾಗುತ್ತವೆ. ಆ ಅಂಗಿಯವನು ಅದರಲ್ಲಿ ಅರ್ಧ ಹೊತ್ತು ಕಾಣಿಸಿಕೊಂಡರೆ, ಯಾರೋ ಕುಳಿತು 39,600 ಗುಂಡಿಗಳನ್ನು ಬರೆಯಬೇಕು. ಗುಂಡಿ ಮೂರಾದರೆ ಸಾಲದೇ ಎಂದು ಕೇಳಿಕೊಳ್ಳುವವರು ಡಿಸೈನರ್.

ಕೊನೆಗೆ ಉಳಿದ ಅಜ್ಜಿಗೆ ಚೌಕಳಿ ಇರಲಿಲ್ಲ. ಕಡುನೀಲಿ ಮೈಯ ಸೀರೆ, ಒಂದೇ ಅಗಲ ಪಟ್ಟಿಯ ಕೆಂಪು ದಡಿ, ಕೈಗೆ ಬಳೆಗಳ ಬದಲು ಒಂದು ಹಸಿರು ಪಟ್ಟೆ. ತಲೆಯ ಮೇಲಿನ ಸೆರಗು, ದೊಡ್ಡ ಮೂಗುತಿ ಮತ್ತು ಬಾಗಿದ ಸೊಂಟವನ್ನು ಮಾತ್ರ ಬಿಡಲಿಲ್ಲ, ಬದಲಿಗೆ ಇನ್ನಷ್ಟು ಎದ್ದುಕಾಣಿಸಿದೆವು. ವಿವರಗಳು ಕಡಿಮೆಯಾದಷ್ಟೂ ಅವಳು ಹೆಚ್ಚು ಅಜ್ಜಿಯಾದಳು.

ಮೂರು ಆಯಾಮದ ಅನಿಮೇಷನ್ನಿನಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ಚೌಕಳಿಯನ್ನು ಒಮ್ಮೆ ಮೇಲ್ಮೈಗೆ ಹಚ್ಚಿದರೆ ಮುಗಿಯಿತು, ಸಾವಿರ ಗುಂಡಿಗಳಿದ್ದರೂ ಚಿಂತೆಯಿಲ್ಲ. ಆದರೆ ಗಾಳಿಗೆ ಹಾರುವ ಸೆರಗು, ಬಿಚ್ಚಿದ ಉದ್ದ ಕೂದಲು, ತೊಡೆಗೆ ತಾಗುವ ನೆರಿಗೆ ಇವುಗಳ ಚಲನೆಯನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿಸಬೇಕಾದ್ದರಿಂದ ಖರ್ಚು ಅಲ್ಲಿ ಏರುತ್ತದೆ. ಬಿಡಿ ಭಾಗಗಳನ್ನು ಕೀಲು ಹಾಕಿ ಜೋಡಿಸುವ ಕಟ್‌ಔಟ್ ಪದ್ಧತಿಯದು ಮತ್ತೂ ಬೇರೆ ರೀತಿ. ನಮ್ಮ ತೊಗಲು ಗೊಂಬೆ ಮಾಡುವವರು, ಆಡಬೇಕಾದ ಕೈಗೆ ಭುಜದಲ್ಲಿ ಎಲ್ಲಿ ದಾರ ಪೋಣಿಸಬೇಕು ಎಂಬುದನ್ನು ತೊಗಲು ಕತ್ತರಿಸುವ ಮೊದಲೇ ನಿರ್ಧರಿಸಬೇಕಾಗುತ್ತದೆ; ಟೂನ್ ಬೂಮ್ ಹಾರ್ಮನಿ ಎಂಬ ಅನಿಮೇಷನ್ ಸಾಫ್ಟ್‌ವೇರಿನಲ್ಲಿ ಆಡಬೇಕಾದ ಪಾತ್ರದ ಡಿಸೈನರ್ ಕೂಡ ಮೊಣಕೈಯ ಕೀಲು ತೋಳಿನ ಯಾವ ಪದರದ ಅಡಿಯಲ್ಲಿ ಅಡಗುತ್ತದೆ ಎಂದು ಮೊದಲೇ ಯೋಚಿಸಬೇಕು. ಯಾವ ಪದ್ಧತಿಯಲ್ಲಿ ಚಿತ್ರ ತಯಾರಾಗುತ್ತಿದೆ ಎಂದು ಕೇಳದೆ ಪೆನ್ಸಿಲ್ ಎತ್ತುವವರನ್ನು ಕಂಡರೆ ನನಗೆ ಈಗಲೂ ಕಸಿವಿಸಿಯಾಗುತ್ತದೆ.

ಪಾತ್ರದ ಗುರುತು ವಿವರಗಳಲ್ಲಿ ಇಲ್ಲವಾದರೆ ಮತ್ತೆಲ್ಲಿದೆ? ಹೊರ ಆಕಾರದಲ್ಲಿ. ಪಾತ್ರವನ್ನು ಪೂರ್ತಿ ಕಪ್ಪು ಬಳಿದು ನೆರಳಿನಂತೆ ಮಾಡಿದ ಮೇಲೂ ಯಾರೆಂದು ತಿಳಿಯಬೇಕು. ಕರಾವಳಿಯವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ದೊಂದಿಯ ಬೆಳಕಿನಲ್ಲಿ, ಗದ್ದೆಯ ಆ ತುದಿಯಲ್ಲಿ ಕುಳಿತ ಪ್ರೇಕ್ಷಕನಿಗೂ ಬಂದ ವೇಷ ಯಾವುದೆಂದು ತಿಳಿಯಲೇಬೇಕಾಗಿದ್ದ ಯಕ್ಷಗಾನದಲ್ಲಿ ಕಿರೀಟದ ರಾಜ, ಕೇದಗೆ ಮುಂದಲೆಯ ಎಳೆಯ ವೀರ, ಮುಂಡಾಸಿನ ಯೋಧ ಇವರನ್ನು ತಲೆಯ ಆಕಾರವೊಂದೇ ಬೇರೆಮಾಡುತ್ತದೆ. ಬಣ್ಣದ ವೇಷದವರು ಗಂಟೆಗಟ್ಟಲೆ ಕುಳಿತು ಮುಖಕ್ಕೆ ಅಕ್ಕಿಹಿಟ್ಟಿನಿಂದ ಇಡುವ ಬಿಳಿ ಚುಕ್ಕೆಗಳ, ಅಂದರೆ ಚಿಟ್ಟಿಯ, ಸೊಗಸು ರಂಗಸ್ಥಳದ ಹತ್ತಿರ ಕುಳಿತವರಿಗೆ. ದೂರದವರಿಗೆ ಆ ವೇಷ ರಾಕ್ಷಸನದೆಂದು ಹೇಳುವುದು ಅದರ ಗಾತ್ರ ಮತ್ತು ಹೊರಗೆರೆ. ಡಿಸೈನರ್ ಅನುಸರಿಸಬೇಕಾದ ಕ್ರಮವೂ ಇದೇ ಆಗಿದೆ, ಮೊದಲು ಆಕಾರ, ಆಮೇಲೆ ಬಣ್ಣ, ಎಲ್ಲಕ್ಕೂ ಕೊನೆಗೆ ಚಿಟ್ಟಿ. ಹೊಸಬರು ಚಿಟ್ಟಿಯಿಂದಲೇ ಆರಂಭಿಸುತ್ತಾರೆ.

ಮೊದಲ ಕೆಲಸದಲ್ಲಿಯೇ ನಾಯಕನ ಪಾತ್ರ ಬರೆಯಲು ಸಿಗುತ್ತದೆ ಎಂಬ ನಿರೀಕ್ಷೆಯನ್ನು ಇಟ್ಟುಕೊಳ್ಳದಿರುವುದು ಒಳ್ಳೆಯದು. ನಮ್ಮ ದೇಶದ ಸ್ಟುಡಿಯೊಗಳಿಗೆ ಬರುವ ಹೊರದೇಶದ ಕೆಲಸಗಳಲ್ಲಿ ಮುಖ್ಯ ಪಾತ್ರಗಳ ವಿನ್ಯಾಸ ಬಹಳಷ್ಟು ಸಲ ಅಲ್ಲಿಯೇ ಮುಗಿದಿರುತ್ತದೆ. ಇಲ್ಲಿ ಉಳಿಯುವುದು ಸಣ್ಣಪುಟ್ಟ ಪಾತ್ರಗಳು, ಸ್ಥಳಗಳು ಮತ್ತು ಪ್ರಾಪ್ ಎಂದು ಕರೆಯುವ ವಸ್ತುಗಳು. ಹೊಸಬರ ಮೇಜಿಗೆ ಬರುವುದು ಹೆಚ್ಚಾಗಿ ಈ ವಸ್ತುಗಳೇ. ಇದನ್ನು ಕೀಳೆಂದು ತಿಳಿದವರು ಬೇಗ ಬೇಸರಗೊಂಡು ಬಿಟ್ಟುಹೋಗುವುದನ್ನು ಕಂಡಿದ್ದೇನೆ. ಒಂದು ಟಿಫಿನ್ ಕ್ಯಾರಿಯರ್ ಬರೆಯಿರಿ ಎಂದು ಹೇಳಿದರೆ ಮುಚ್ಚಿಟ್ಟ ಕ್ಯಾರಿಯರ್ ಒಂದನ್ನೇ ಬರೆದು ಕೊಡುವವರು ಚಿತ್ರಕಾರರು. ಮುಚ್ಚಿದ್ದು, ಕೊಂಡಿ ಬಿಚ್ಚಿದ್ದು, ಮೂರೂ ಡಬ್ಬಿ ಬಿಡಿಯಾಗಿ ಹರಡಿದ್ದು, ಒಳಗಿನಿಂದ ನೋಡಿದ್ದು, ಎಂಟು ವರ್ಷದ ಹುಡುಗ ಹಿಡಿದಾಗ ಅವನ ಮೊಣಕಾಲಿಗೆ ಬಡಿಯುತ್ತದೆಯೇ ಇಲ್ಲವೇ ಎಂಬುದು, ಬಿದ್ದರೆ ಮುಚ್ಚಳ ಯಾವ ಕಡೆಗೆ ಹಾರುತ್ತದೆ ಎಂಬುದು, ಇಷ್ಟನ್ನೂ ಒಂದೇ ಹಾಳೆಯಲ್ಲಿ ತೋರಿಸಿ, ಅದನ್ನೂ ಆ ಧಾರಾವಾಹಿಯ ಗೆರೆಯ ದಪ್ಪ, ಮೂಲೆಗಳ ದುಂಡು, ಬಣ್ಣದ ಹದ ಇವುಗಳಿಗೆ ಒಪ್ಪುವಂತೆ ಬರೆದವರು ಡಿಸೈನರ್. ಸ್ವಂತ ಶೈಲಿ ಎಂಬುದು ಹೆಮ್ಮೆಯ ವಿಷಯವೇ ಹೌದು, ಆದರೆ ಸಂಬಳ ಬರುವುದು ಬಹುತೇಕ ಬೇರೆಯವರ ಶೈಲಿಯಲ್ಲಿ ತಪ್ಪಿಲ್ಲದೆ ಬರೆಯುವ ಸಾಮರ್ಥ್ಯಕ್ಕೆ. ಸ್ಟುಡಿಯೊಗಳು ಕೊಡುವ ಪರೀಕ್ಷೆಗಳೂ ಸಾಮಾನ್ಯವಾಗಿ ಇದನ್ನೇ ಅಳೆಯುತ್ತವೆ.

ಹಿನ್ನೆಲೆ ಬರೆಯುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಮಲೆನಾಡಿನ ತೊಟ್ಟಿ ಮನೆಯೊಂದನ್ನು ಬರೆಯುವಾಗ ಮಳೆ, ಹೆಂಚು, ಹಾವಸೆ ಎಲ್ಲವೂ ಸೊಗಸಾಗಿ ಬರಬಹುದು. ಆದರೆ ಜಗಲಿಯಿಂದ ಬಂದ ಪಾತ್ರ ಅಡುಗೆಮನೆಗೆ ಹೋಗುವಾಗ ಕ್ಯಾಮೆರಾಕ್ಕೆ ಯಾವ ಕಂಬ ಅಡ್ಡ ಬರುತ್ತದೆ, ಬಾಗಿಲು ಅವಳ ಎತ್ತರಕ್ಕೆ ಸಾಕೇ, ಅವಳು ನಿಲ್ಲುವ ಜಾಗದ ಗೋಡೆಯ ಬಣ್ಣ ಅವಳ ಸೀರೆಯನ್ನು ನುಂಗಿಬಿಡುತ್ತದೆಯೇ ಎಂಬುದನ್ನು ಮೇಲಿನಿಂದ ನೋಡಿದ ನಕ್ಷೆಯೊಂದನ್ನು ಹಾಕಿ ನೋಡದೆ ಹೇಳಲಾಗದು.

ಕಲಿಯುವುದು ಎಲ್ಲಿ ಎಂಬ ಪ್ರಶ್ನೆಗೆ ನನ್ನ ಉತ್ತರ ಚಿಕ್ಕದು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಐಐಟಿ ಬಾಂಬೆಯ ವಿನ್ಯಾಸ ವಿಭಾಗವಾದ ಐಡಿಸಿ ಇವುಗಳಿಗೆ ಪ್ರವೇಶ ಪರೀಕ್ಷೆಯಲ್ಲಿ ಆಯ್ಕೆಯಾಗಿ ಹೋಗಬಹುದು. ಮೈಸೂರಿನ ಕಾವಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಂಥ ಕಲಾಶಾಲೆಗಳಲ್ಲಿ ದೇಹರಚನೆಯನ್ನೂ ಸಂಯೋಜನೆಯನ್ನೂ ಗಟ್ಟಿಯಾಗಿ ಕಲಿತು ಬಂದವರು ಸಾಫ್ಟ್‌ವೇರನ್ನು ಆರು ತಿಂಗಳಲ್ಲಿ ಹಿಡಿಯುತ್ತಾರೆ. ಸಾಫ್ಟ್‌ವೇರನ್ನು ಮೊದಲು ಕಲಿತವರು ಆರು ತಿಂಗಳಲ್ಲಿ ಚಿತ್ರಕಲೆಯನ್ನು ಹಿಡಿದದ್ದನ್ನು ನಾನು ನೋಡಿಲ್ಲ. 1956ರಲ್ಲಿ ಡಿಸ್ನಿ ಸ್ಟುಡಿಯೊದ ಕ್ಲೇರ್ ವೀಕ್ಸ್ ಮುಂಬೈಯಲ್ಲಿದ್ದ ಕೇಂದ್ರ ಸರ್ಕಾರದ ಚಿತ್ರ ಸಂಸ್ಥೆ ಫಿಲ್ಮ್ಸ್ ಡಿವಿಷನ್ನಿಗೆ ಬಂದು ತರಬೇತಿ ಕೊಟ್ಟ ಕಾಲದಲ್ಲಿಯೂ ಕಲಿಕೆ ನಡೆದದ್ದು ಕೆಲಸದ ಮೇಜಿನಲ್ಲಿಯೇ. ದುಬಾರಿ ಶುಲ್ಕದ ಡಿಪ್ಲೊಮಾಕ್ಕೆ ಸಾಲ ಮಾಡುವ ಮೊದಲು ಬಸ್ ನಿಲ್ದಾಣದಲ್ಲಿ, ವಾರದ ಸಂತೆಯಲ್ಲಿ ಕುಳಿತು ಚಲಿಸುವ ಜನರನ್ನು ಒಂದು ವರ್ಷ ಬರೆದು ನೋಡಿ ಎಂದು ತಂದೆತಾಯಿಗಳ ಎದುರಿನಲ್ಲಿಯೇ ಹೇಳುತ್ತೇನೆ. ಚಿತ್ರ ಬರೆಯುವ ಕ್ರಿಟಾ, ಮೂರು ಆಯಾಮದ ಕೆಲಸದ ಬ್ಲೆಂಡರ್ ಎರಡು ಸಾಫ್ಟ್‌ವೇರುಗಳೂ ಉಚಿತವಾಗಿ ಸಿಗುವುದರಿಂದ ಅಭ್ಯಾಸಕ್ಕೆ ಹಣ ಅಡ್ಡಿಯಾಗಬೇಕಾಗಿಲ್ಲ.

ಉದ್ಯೋಗದ ಭದ್ರತೆಯ ವಿಷಯದಲ್ಲಿ ಸಿಹಿ ಮಾತು ಹೇಳಲಾರೆ. ರಾಜ್ಯ ಸರ್ಕಾರ ಈ ಕ್ಷೇತ್ರಕ್ಕೆಂದೇ 2012ರಲ್ಲಿ ಒಂದು ನೀತಿಯನ್ನೂ, 2024ರಲ್ಲಿ ಐದು ವರ್ಷಗಳ ಹೊಸ ನೀತಿಯನ್ನೂ ತಂದಿದೆ. ಆದರೂ 2025ರ ಆರಂಭದಲ್ಲಿ ಬಹುರಾಷ್ಟ್ರೀಯ ಸಮೂಹವೊಂದು ಕುಸಿದಾಗ ಬೆಂಗಳೂರಿನ ಅದರ ಸ್ಟುಡಿಯೊ ಹಠಾತ್ತಾಗಿ ಮುಚ್ಚಿ ಬಹಳ ಮಂದಿ ಕೆಲಸ ಕಳೆದುಕೊಂಡರು. ಇದಲ್ಲದೆ ಡಿಸೈನರ್‌ಗೆ ವಿಶೇಷವಾದ ಒಂದು ತೊಡಕೂ ಇದೆ. ನಮ್ಮ ಕೆಲಸ ಯೋಜನೆಯ ಮೊದಲ ತಿಂಗಳುಗಳಲ್ಲಿ ನಡೆಯುವಂಥದ್ದು, ಅನಿಮೇಷನ್ ಆರಂಭವಾಗುತ್ತಿದ್ದಂತೆ ಡಿಸೈನ್ ತಂಡ ಕರಗಲು ತೊಡಗುತ್ತದೆ. ಆದ್ದರಿಂದಲೇ ಕಥೆಯನ್ನು ಚಿತ್ರಗಳ ಸಾಲಾಗಿ ಬಿಡಿಸುವ ಸ್ಟೋರಿಬೋರ್ಡ್ ಅಥವಾ ದೃಶ್ಯದೊಳಗೆ ಕ್ಯಾಮೆರಾ, ಪಾತ್ರಗಳ ಜಾಗ ಗೊತ್ತುಮಾಡುವ ಲೇಔಟ್, ಎರಡರಲ್ಲಿ ಒಂದನ್ನಾದರೂ ಕಲಿತಿಟ್ಟುಕೊಂಡವರು ಎರಡು ಯೋಜನೆಗಳ ನಡುವಿನ ಬಿಡುವನ್ನು ದಾಟಬಲ್ಲರು. ಕೃತಕ ಬುದ್ಧಿಮತ್ತೆ ನಮ್ಮ ಕೆಲಸವನ್ನು ಕಸಿಯುತ್ತದೆಯೇ ಎಂದು ಪ್ರತಿ ಕಾರ್ಯಾಗಾರದಲ್ಲಿಯೂ ಯಾರಾದರೊಬ್ಬರು ಕೇಳುತ್ತಾರೆ. ಮುಳುಗುವ ಸೂರ್ಯನ ಎದುರು ನಿಂತ ಹುಡುಗಿಯ ಒಂಟಿ ಚಿತ್ರಕ್ಕೆ ಹಣ ಕೊಡುವವರು ಕಡಿಮೆಯಾಗುತ್ತಾರೆ ಎಂದು ನನಗೆ ಅನ್ನಿಸುತ್ತದೆ. ಅನಿಮೇಟರ್ ಎದುರು ಕುಳಿತು ಮೊಣಕೈಯ ಕೀಲು ಏಕೆ ಅಲ್ಲಿದೆ ಎಂದು ವಿವರಿಸಿ, ಅವರು ಒಪ್ಪದಿದ್ದರೆ ಸಂಜೆಯೊಳಗೆ ತಿದ್ದಿಕೊಡುವ ಕೆಲಸ ಅಷ್ಟು ಬೇಗ ಹೋಗಲಾರದು.

ಇನ್ನು ಪೋರ್ಟ್‌ಫೋಲಿಯೊ. ಹನ್ನೆರಡರಿಂದ ಹದಿನೈದು ಪುಟಗಳು ಸಾಕು. ಎರಡು ಪಾತ್ರಗಳು ಪೂರ್ತಿ ಟರ್ನ್‌ಅರೌಂಡ್ ಮತ್ತು ಮುಖಭಾವಗಳೊಡನೆ, ಒಂದು ಎತ್ತರದ ಪಟ್ಟಿ, ನಾಲ್ಕೈದು ವಸ್ತುಗಳು, ಹಗಲು ರಾತ್ರಿ ಎರಡರಲ್ಲಿಯೂ ತೋರಿಸಿದ ಒಂದು ಸ್ಥಳ, ಕೊನೆಗೆ ಸಂತೆಯಲ್ಲಿ ಬರೆದ ಕಚ್ಚಾ ರೇಖಾಚಿತ್ರಗಳ ಎರಡು ಪುಟ ಇರಲಿ. ಗುಂಪಿನಲ್ಲಿ ಮಾಡಿದ ಕೆಲಸವಾದರೆ ನೀವು ಬರೆದ ಭಾಗ ಯಾವುದೆಂದು ಅಲ್ಲಿಯೇ ನಮೂದಿಸಿ, ಇನ್ನೂ ಪ್ರಸಾರವಾಗದ ಧಾರಾವಾಹಿಯ ಹಾಳೆಗಳನ್ನು ಒಪ್ಪಂದ ಮೀರಿ ಸೇರಿಸಬೇಡಿ. ಹಾಗೆ ಸೇರಿಸಿದವರನ್ನು, ಚಿತ್ರ ಎಷ್ಟೇ ಚೆನ್ನಾಗಿದ್ದರೂ, ನಾನು ಮುಂದಿನ ಸುತ್ತಿಗೆ ಕರೆಯುವುದಿಲ್ಲ.