ಮುಂಭಾರ, ಹಿಂಭಾರ, ನಡುಭಾರ

"ಸಾರ್, ಈ ವ್ಯಾಗನ್ನು ಐವತ್ತು ಟನ್ನಿನ ಮೇಲೇ ಹೊರುತ್ತೆ ಅಂತೀರಿ. ನಂದು ಮೂವತ್ತೇ ಟನ್. ನಡುವೆ ಕೂರಿಸಿ ಕಳಿಸಿಬಿಡಿ." ದಾವಣಗೆರೆ ಕಡೆಯ ಗೂಡ್ಸ್ ಯಾರ್ಡೊಂದರಲ್ಲಿ ಯಂತ್ರದ ಮಾಲೀಕರೊಬ್ಬರು ನನಗೆ ಹಾಕಿದ ಲೆಕ್ಕ ಇದು. ಯಂತ್ರದ ಬುಡ ಎರಡು ಮೀಟರೂ ಇರಲಿಲ್ಲ.

ಫ್ಲಾಟ್ ವ್ಯಾಗನ್ನಿಗೆ ಗೋಡೆಯಿಲ್ಲ, ಸೂರಿಲ್ಲ. ಶಕ್ತಿಯೆಲ್ಲ ಹಲಗೆಯಡಿಯ ಉಕ್ಕಿನ ತೊಲೆಗಳಲ್ಲಿ. ಖಾಲಿ ವ್ಯಾಗನ್ನಿನ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿ, ನಡು ತುಸು ಉಬ್ಬಿರುತ್ತದೆ; ಭಾರ ಬಿದ್ದಾಗ ಸಪಾಟಾಗಲಿ ಅಂತಲೇ ಹಾಗೆ ಕಟ್ಟಿರುತ್ತಾರೆ. ಆಕ್ಸಲ್ ಅಂದರೆ ಜೋಡಿ ಗಾಲಿಯ ಅಚ್ಚು; 22.9 ಟನ್ ಆಕ್ಸಲ್ ಭಾರದ ವ್ಯಾಗನ್ನಾದರೆ ನಾಲ್ಕು ಆಕ್ಸಲ್ಲಿಗೆ ಒಟ್ಟು 91.6 ಟನ್, ಅದರ ಸ್ವಂತ ತೂಕವೂ ಸೇರಿ. ಆದರೆ ಅದು ಉದ್ದಕ್ಕೂ ಹರಡಿದ ಭಾರದ ಮಾತು. ಅದೇ ತೂಕ ನಡುವೆ ಒಂದೇ ಕಡೆ ಕೂತರೆ ತೊಲೆಯನ್ನು ಬಾಗಿಸುವ ಬಲ ಕನಿಷ್ಠ ಎರಡು ಪಟ್ಟು. ಅವರ ಮೂವತ್ತು ಟನ್ ತೊಲೆಯ ಪಾಲಿಗೆ ಅರವತ್ತಕ್ಕೂ ಮೇಲೆ.

ಹಾಗಂತ ಒಂದು ತುದಿಗೆ ಸರಿಸಿದರೆ ಆ ಕಡೆಯ ಬೋಗಿ ಭಾರಕ್ಕೆ ಕುಗ್ಗುತ್ತದೆ, ಇನ್ನೊಂದು ಹಗುರಾಗುತ್ತದೆ. (ಊರವರಿಗೆ ಬೋಗಿ ಅಂದರೆ ಡಬ್ಬಿ, ನಮಗೆ ಅದು ಡಬ್ಬಿಯಡಿಯ ನಾಲ್ಕು ಗಾಲಿಯ ಚೌಕಟ್ಟು.) ಎತ್ತಿನ ಗಾಡಿಗೆ ಮೆಕ್ಕೆಜೋಳದ ಚೀಲ ಹೇರಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮುಂಭಾರವಾದರೆ ಎತ್ತಿನ ಹೆಗಲಿಗೆ, ಹಿಂಭಾರವಾದರೆ ನೊಗ ಮೇಲೆದ್ದು ಕೊರಳಿಗೆ. ರೈಲಿನಲ್ಲಿ ಎಡಬಲದ ಭಯವೇ ಹೆಚ್ಚು: ಹಗುರಾದ ಗಾಲಿ ತಿರುವಿನಲ್ಲಿ ಹಳಿ ಹತ್ತುತ್ತದೆ.

ಈ ವ್ಯಾಗನ್ನಿನ ಸೊಗಸು ನೋಡಬೇಕಾದರೆ ಹಳಿ ಹೊತ್ತ ರೇಕು (ವ್ಯಾಗನ್ನುಗಳ ಇಡೀ ಸಾಲು) ಚಿಕ್ಕಜಾಜೂರಿನಂಥ ಜಂಕ್ಷನ್ನಿನಲ್ಲಿ ಹಾದುಹೋಗುವಾಗ ನೋಡಿ. 260 ಮೀಟರ್ ಉದ್ದದ ಬೆಸೆದ ಹಳಿ, ಮೀಟರಿಗೆ 60 ಕಿಲೋ, ಒಂದೊಂದೂ 15.6 ಟನ್. ಸಾಲಾಗಿ ಹತ್ತಾರು ವ್ಯಾಗನ್ನುಗಳ ಮೇಲೆ ಮಲಗಿರುತ್ತವೆ. ಬಿಗಿಯಾಗಿ ಕಚ್ಚಿ ಹಿಡಿಯುವುದು ನಡುವಿನಲ್ಲಿ ಮಾತ್ರ. ಉಳಿದೆಡೆ ರೋಲರಿನ ಮೇಲೆ ಹಿಂದೆಮುಂದೆ ಜಾರಲು ಬಿಟ್ಟಿರುತ್ತಾರೆ. ತಿರುವಿನಲ್ಲಿ ಆ ಉಕ್ಕು ಬಾರುಕೋಲಿನಂತೆ ಬಳುಕುತ್ತದೆ. ಎಲ್ಲ ಕಡೆ ಬಿಗಿದಿದ್ದರೆ ಹಿಡಿಕೆಗಳೇ ಕಿತ್ತು ಬರುತ್ತಿದ್ದವು.

ಯಂತ್ರದ ಕಥೆಗೆ ಬಂದರೆ, ಅಡಿಗೆ ಎರಡು ಉದ್ದನೆಯ ಗರ್ಡರ್ ಹಾಕಿಸಿ ಭಾರವನ್ನು ಎರಡೂ ಬೋಗಿಗಳ ಕಡೆಗೆ ಹಂಚಿದೆವು. ಮರದ ಬೆಣೆ, ನಾಲ್ಕು ಮೂಲೆಗೂ ಚೈನು. ಹೊರಟ ಮೇಲೆ ಮೊದಲ ನಿಲುಗಡೆಯಲ್ಲೇ ಇನ್ನೊಮ್ಮೆ ನೋಡಿಸಿದೆ: ಮರ ಒತ್ತಿ ಕೂತು ಒಂದು ಚೈನಿನ ಟರ್ನ್‌ಬಕಲ್, ಅಂದರೆ ಬಿಗಿಯುವ ತಿರುಪು, ಎರಡು ಸುತ್ತು ಸಡಿಲ. ಬಿಗಿದೆವು.

ಮಾಲೀಕರು ಫೋನಿನಲ್ಲಿ ಕೇಳಿದ್ದು ಒಂದೇ: "ಆ ಗರ್ಡರಿಗೂ ಬಾಡಿಗೆ ಹಿಡೀತಾರಾ ಸಾರ್?"