ಮಣ್ಣಲ್ಲಿ ಸಿಕ್ಕ ಬೆಳ್ಳಿ ರೂಪಾಯಿಗೆ ಹುಣಸೆಹಣ್ಣು ಹಚ್ಚಬಹುದೇ?

ಪ್ರಶ್ನೆ: ನಮ್ಮ ಹೊಲದಲ್ಲಿ ಮೆಟಲ್ ಡಿಟೆಕ್ಟರ್ ಆಡಿಸಿದಾಗ ಬೆಳ್ಳಿ ರೂಪಾಯಿಗಳು ಸಿಕ್ಕಿವೆ. ರಾಣಿ ಛಾಪಿನದು ಕಪ್ಪಗಾಗಿದೆ, ಜಾರ್ಜ್ ರಾಜನದಕ್ಕೆ ಹಸಿರು ಕಿಲುಬು ಹಿಡಿದಿದೆ. ದೇವರ ಸಾಮಾನು ಬೆಳಗುವ ಹಾಗೆ ಹುಣಸೆಹಣ್ಣಿನಲ್ಲಿ ತಿಕ್ಕಿದರೆ ಆಗುವುದೇ?

ಉತ್ತರ: ಬೇಡ. ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್, ಪಾತ್ರೆ ಪುಡಿ ಯಾವುದೂ ಬೇಡ. ದೀಪದ ಕಂಬ ತಿಕ್ಕಿದರೆ ಹೊಳೆಯುತ್ತದೆ, ಅಷ್ಟು ಸಾಕು. ನಾಣ್ಯದಲ್ಲಿ ಬೆಲೆಯಿರುವುದು ಮೇಲ್ಮೈಯ ಸಣ್ಣ ಗುರುತುಗಳಿಗೆ. ಐದನೇ ಜಾರ್ಜನ ರೂಪಾಯಿ ಬೊಂಬಾಯಿ ಟಂಕಸಾಲೆಯದೋ ಕಲ್ಕತ್ತೆಯದೋ ಎಂದು ಹೇಳುವುದು ಹಿಂಬದಿಯಲ್ಲಿ ಕೆಳಗಿನ ಹೂವಿನ ಅಡಿಯ ಒಂದೇ ಒಂದು ಚುಕ್ಕೆ, ಅದಿದ್ದರೆ ಬೊಂಬಾಯಿ. 1862 ಎಂದು ಅಚ್ಚಾದ ರೂಪಾಯಿಗಳು ಮುಂದೆ ಎಷ್ಟೋ ವರ್ಷ ಅದೇ ಇಸವಿ ಹೊತ್ತು ಬಂದವು, ಅವನ್ನು ಬೇರ್ಪಡಿಸುವುದೂ ಚುಕ್ಕೆಗಳಿಂದಲೇ. ನಾಲ್ಕು ಸಲ ಬೆಳಗಿದರೆ ಆ ಚುಕ್ಕೆ ಸವೆಯುತ್ತದೆ.

ತೊಳೆಯುವುದಕ್ಕೂ ಮೊದಲು ಒಂದು ಕೆಲಸವಿದೆ. ನೆಲದಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತು ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು. ಕರ್ನಾಟಕದಲ್ಲಿ ಇದಕ್ಕೆ 1962ರ ನಿಧಿ ಕಾಯ್ದೆ ಇದೆ. ಸ್ವಂತ ಹೊಲ ಎಂಬುದು ನೆಪವಾಗುವುದಿಲ್ಲ. ಸಿಕ್ಕ ಜಾಗ, ಆಳ, ದಿನ ಬರೆದು, ಮಣ್ಣು ಮೆತ್ತಿದ ಸ್ಥಿತಿಯಲ್ಲೇ ಫೋಟೊ ತೆಗೆದು, ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಿ. ಸಂರಕ್ಷಿತ ಸ್ಮಾರಕಗಳ ಆವರಣದಲ್ಲಂತೂ ಗುದ್ದಲಿ ಹಾಕುವ ಯೋಚನೆಯೇ ಬೇಡ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಂತೆ ಪುರಾತನ ವಸ್ತು, ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ.

ಗುಂಡಿಯಲ್ಲೇ ಹಾಳಾಗುವ ನಾಣ್ಯಗಳು ಬಹಳ. ಸದ್ದು ಬಂದ ಕಡೆ ನೇರವಾಗಿ ಅಗೆಯದೆ ಸುತ್ತ ಒಂದು ಗೇಣು ಬಿಟ್ಟು ಮಣ್ಣಿನ ಹೆಂಟೆ ಎತ್ತಿ, ಆಮೇಲೆ ಕೈಯಿಂದ ಬಿಡಿಸಿ. ಸಿಕ್ಕ ಖುಷಿಗೆ ಹೆಬ್ಬೆರಳಿನಿಂದ ಉಜ್ಜಿ ಇಸವಿ ನೋಡುವ ಚಾಳಿ ಎಲ್ಲರಿಗೂ ಇದೆ. ಮರಳಿನ ಕಣ ಬೆಳ್ಳಿಗಿಂತ ಬಹಳ ಗಟ್ಟಿ. ಒಂದೇ ಉಜ್ಜಿಗೆ ರಾಣಿಯ ಕೆನ್ನೆಯ ಮೇಲೆ ಬೀಳುವ ಗೀರು ಮತ್ತೆ ಹೋಗುವುದಿಲ್ಲ. ಮಣ್ಣಿನ ಸಮೇತ ಡಬ್ಬಿಗೆ ಹಾಕಿ ಮನೆಗೆ ತನ್ನಿ.

ಮನೆಯಲ್ಲಿ ಮೊದಲು ಡಿಸ್ಟಿಲ್ಡ್ ವಾಟರ್. ಇನ್ವರ್ಟರ್ ಬ್ಯಾಟರಿಗೆ ಹಾಕುವ ನೀರೇ ಸಾಕು, ಬ್ಯಾಟರಿ ಆಸಿಡ್ ತರಬೇಡಿ. ಬೋರ್‌ವೆಲ್ ನೀರಿನಲ್ಲಿ ಲವಣ ಹೆಚ್ಚು, ಅದರಲ್ಲಿರುವ ಕ್ಲೋರೈಡ್ ಬೆಳ್ಳಿಗೆ ಒಳ್ಳೆಯದಲ್ಲ. ಗಾಜಿನ ಲೋಟದಲ್ಲಿ 200 ಮಿ.ಲೀ. ನೀರಿಗೆ ಒಂದೇ ನಾಣ್ಯ ಹಾಕಿ. ದಿನಕ್ಕೊಮ್ಮೆ ನೀರು ಬದಲಿಸುತ್ತ ಐದಾರು ದಿನ ಬಿಡಿ. ಮೆತ್ತಗಾದ ಮಣ್ಣನ್ನು ನೆನೆಸಿದ ಟೂತ್‌ಪಿಕ್‌ನಿಂದ, ನಾಣ್ಯ ನೀರಿನೊಳಗಿರುವಾಗಲೇ ಮೆಲ್ಲಗೆ ಎಬ್ಬಿಸಿ. ಬರದಿದ್ದರೆ ಇನ್ನೆರಡು ದಿನ ನೆನೆಯಲಿ. ಬಹಳಷ್ಟು ನಾಣ್ಯಗಳಿಗೆ ಇಲ್ಲಿಗೇ ಮುಗಿಯಿತು.

ಎಣ್ಣೆ ಜಿಡ್ಡೋ ಪೂಜೆಗಿಟ್ಟ ಅರಿಶಿನದ ಕಲೆಯೋ ಇದ್ದರೆ, ಒಣಗಿಸಿದ ನಾಣ್ಯವನ್ನು ಹತ್ತು ನಿಮಿಷ ಶುದ್ಧ ಅಸಿಟೋನ್‌ನಲ್ಲಿ ಮುಳುಗಿಸಿ. ಅದು ಲೋಹವನ್ನು ಮುಟ್ಟುವುದಿಲ್ಲ. ಒಲೆ, ದೀಪ ಹತ್ತಿರ ಇರಬಾರದು, ಕಿಟಕಿ ತೆರೆದಿರಲಿ. ನೇಲ್ ಪಾಲಿಶ್ ರಿಮೂವರ್ ಅಲ್ಲ, ಅದರಲ್ಲಿ ಬೇರೆ ಸಾಮಗ್ರಿಯೂ ಸೇರಿರುತ್ತದೆ.

ಇನ್ನು ಹಸಿರು. ಅದು ಬೆಳ್ಳಿಯದಲ್ಲ, ಬೆರಕೆಯ ತಾಮ್ರದ್ದು. ಹಳೆಯ ರೂಪಾಯಿ 11.66 ಗ್ರಾಂ, ಅಂದರೆ ಒಂದು ತೊಲ. ಬೆಳ್ಳಿ ನೂರಕ್ಕೆ 91.7. ಯುದ್ಧಕಾಲದಲ್ಲಿ, 1940ರಿಂದ 1945ರವರೆಗಿನ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕಿಳಿಯಿತು, ತಾಮ್ರ ನೂರಕ್ಕೆ 40 ಆಯಿತು. ಹಾಗಾಗಿ ನಿಮ್ಮ ಜಾರ್ಜ್ ಆರನೇ ಜಾರ್ಜ್ ಆಗಿದ್ದರೆ ಕಿಲುಬು ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ. ಹುಣಸೆಯ ಹುಳಿ ಮೇಲ್ಪದರದ ತಾಮ್ರವನ್ನೂ ಕರಗಿಸುತ್ತದೆ, ಉಳಿಯುವುದು ಜೀವವಿಲ್ಲದ ಬಿಳಿಚು ಮುಖ. ಹುಳಿಯಿರುವ ಪಾತ್ರೆಗೆ ಕಬ್ಬಿಣದ ಚಿಮಟವೇನಾದರೂ ತಾಗಿದರೆ ಕರಗಿದ ತಾಮ್ರ ನಾಣ್ಯದ ಮೇಲೇ ಕೆಂಪಗೆ ಕೂರುತ್ತದೆ. ಅಕ್ಕಸಾಲಿಗರು ಆಸಿಡ್‌ಗೆ ಕಬ್ಬಿಣ ಇಳಿಸದಿರುವುದು ಇದಕ್ಕೇ. ಸಾಧಾರಣ ನಾಣ್ಯ, ಕಿಲುಬು ತೆಗೆಯಲೇಬೇಕು ಎಂದಾದರೆ 100 ಮಿ.ಲೀ. ಡಿಸ್ಟಿಲ್ಡ್ ವಾಟರ್‌ಗೆ 2 ಗ್ರಾಂ ಸಿಟ್ರಿಕ್ ಆಸಿಡ್, ಪ್ಲಾಸ್ಟಿಕ್ ಬಟ್ಟಲು, ಐದೈದು ನಿಮಿಷಕ್ಕೆ ತೆಗೆದು ನೋಡಿ. ಆಮೇಲೆ ಮೂರು ಸಲ ಹೊಸ ನೀರಿನಲ್ಲಿ ಜಾಲಿಸಿ.

ಕಪ್ಪು ಹಾನಿಯಲ್ಲ, ಗಂಧಕ ಕೂಡಿ ಆದ ತೆಳು ಪದರ. ಸಂಗ್ರಾಹಕರು ಅದನ್ನೇ ಇಷ್ಟಪಡುತ್ತಾರೆ, ಬಿಡಿ. ಅಲ್ಯೂಮಿನಿಯಂ ಹಾಳೆ ಹಾಸಿದ ಬಟ್ಟಲಿಗೆ 250 ಮಿ.ಲೀ. ಬಿಸಿನೀರು, ಒಂದು ಚಮಚ ಅಡುಗೆ ಸೋಡಾ ಹಾಕಿ, ನಾಣ್ಯ ಹಾಳೆಗೆ ತಾಗುವಂತೆ ಅರ್ಧ ನಿಮಿಷ ಇಟ್ಟರೆ ಕೊಳೆತ ಮೊಟ್ಟೆಯ ವಾಸನೆ ಬಂದು ಕಪ್ಪು ಬಿಡುತ್ತದೆ, ನಿಜ. ಆದರೆ ಹಾಗೆ ಬೆಳ್ಳಗಾದ ನಾಣ್ಯವನ್ನು ಪಳಗಿದ ಕಣ್ಣು ದೂರದಿಂದಲೇ ಹಿಡಿಯುತ್ತದೆ.

ಬೂದುಬಣ್ಣದ, ಮೇಣದಂಥ ದಪ್ಪ ಹೊರಪದರವಿದ್ದರೆ ಮಾತ್ರ ಕೈಹಾಕಲೇಬೇಡಿ. ಅಲ್ಲಿ ಬೆಳ್ಳಿಯೇ ಕ್ಲೋರೈಡ್ ಆಗಿದೆ, ಛಾಪು ಉಳಿದಿರುವುದೂ ಆ ಪದರದಲ್ಲೇ ಇರಬಹುದು. ಅಮೋನಿಯಾ ಹಾಕಿದರೆ ಪದರ ಕರಗುತ್ತದೆ, ಆದರೆ ಆ ದ್ರಾವಣ ಇಟ್ಟಲ್ಲೇ ಒಣಗಿದರೆ ಸಿಡಿಯುವ ವಸ್ತುವಾಗಬಲ್ಲದು.

ಒರೆಸುವಾಗ ಹಳೆಯ ಹತ್ತಿ ಬಟ್ಟೆಯಲ್ಲಿ ಒತ್ತಿ ನೀರು ಹೀರಿಸಿ, ಉಜ್ಜಬೇಡಿ. ಅಂಚಿನಲ್ಲೇ ಹಿಡಿಯಿರಿ. ಮೆತ್ತನೆಯ ಪಿವಿಸಿ ಕವರಿನಲ್ಲಿಟ್ಟರೆ ಜಿಗುಟು ಹಸಿರು ಕಲೆ ಬರುತ್ತದೆ; ರಬ್ಬರ್ ಬ್ಯಾಂಡಿನಲ್ಲಿ ಗಂಧಕವಿದೆ, ಸುತ್ತಿದ ಕಡೆ ಕಪ್ಪು ಗೆರೆ ಮೂಡುತ್ತದೆ.