ಸೀಸ ಹೋಯಿತು, ತೂಕ ಬೇಕಾಯಿತು: ಉಕ್ಕಲ್ಲದ ಚರೆಯ ಕಥೆ

ಅಮೆರಿಕದಲ್ಲಿ ಬಾತು, ಹೆಬ್ಬಾತುಗಳ ಶಿಕಾರಿಗೆ ಸೀಸದ ಚರೆ (ತೋಟೆಯೊಳಗೆ ತುಂಬುವ ಸಣ್ಣ ಗುಂಡು) ಬಳಸಬಾರದೆಂಬ ನಿಯಮ ದೇಶದುದ್ದಕ್ಕೂ ಜಾರಿಗೆ ಬಂದದ್ದು 1991ರಲ್ಲಿ. ಸೀಸದಿಂದ ನೀರುಹಕ್ಕಿಗಳು ಸಾಯುತ್ತಿವೆ ಎಂದು ಅಲ್ಲಿನ ನಿಸರ್ಗತಜ್ಞ ಜಾರ್ಜ್ ಬರ್ಡ್ ಗ್ರಿನೆಲ್ 1894ರಲ್ಲೇ ಬರೆದಿದ್ದರು. ಗೊತ್ತಿದ್ದೂ ಗೊತ್ತಿದ್ದೂ ಸುಮಾರು ನೂರು ವರ್ಷ ಕಳೆಯಿತು.

ಒಂದು ಈಡಿನಲ್ಲಿ ಹಾರುವ ನೂರಾರು ಚರೆಗಳಲ್ಲಿ ಹಕ್ಕಿಗೆ ತಗಲುವುದು ನಾಲ್ಕೈದು. ಉಳಿದವು ಜೌಗಿನ ಕೆಸರಿಗೆ ಬೀಳುತ್ತವೆ. ಬಾತಿಗೆ ಹಲ್ಲಿಲ್ಲ, ನುಂಗಿದ ಕಾಳನ್ನು ಹೊಟ್ಟೆಯೊಳಗಿನ ದಪ್ಪ ಸ್ನಾಯುಚೀಲ ಅರೆಯುತ್ತದೆ, ಅದಕ್ಕಾಗಿ ಹಕ್ಕಿ ಸಣ್ಣ ಕಲ್ಲುಗಳನ್ನು ಆರಿಸಿ ತಿನ್ನುತ್ತದೆ. ಕಲ್ಲೆಂದೋ ಕಾಳೆಂದೋ ಚರೆಯೂ ಒಳಗೆ ಹೋಗುತ್ತದೆ. ಅಲ್ಲಿ ಅದು ಸವೆದು, ಆಮ್ಲದಲ್ಲಿ ಕರಗಿ ರಕ್ತ ಸೇರುತ್ತದೆ. ರೆಕ್ಕೆ ಜೋತು ಬೀಳುತ್ತದೆ, ಹಿಕ್ಕೆ ಹಸಿರಾಗುತ್ತದೆ, ಹಕ್ಕಿ ಸೊರಗಿ ಎರಡು ಮೂರು ವಾರಗಳಲ್ಲಿ ಸಾಯುತ್ತದೆ. ಒಂದೆರಡು ಚರೆಯೇ ಸಾಕಾಗಬಹುದು. ಇಲಿನಾಯ್‌ನ ಫ್ರಾಂಕ್ ಬೆಲ್‌ರೋಸ್ 1959ರಲ್ಲಿ ಲೆಕ್ಕ ಹಾಕಿ, ಉತ್ತರ ಅಮೆರಿಕದ ನೀರುಹಕ್ಕಿಗಳಲ್ಲಿ ವರ್ಷಕ್ಕೆ ಶೇ. 2ರಿಂದ 3ರಷ್ಟು ಹೀಗೆ ಸಾಯುತ್ತವೆ ಎಂದರು.

ಆಮೇಲಿನದು ಜಗ್ಗಾಟ. 1976ರಲ್ಲಿ ಅಟ್ಲಾಂಟಿಕ್ ಕರಾವಳಿಯ ವಲಸೆದಾರಿಯ ಕೆಲವು ಜಾಗಗಳಲ್ಲಿ ಸೀಸ ನಿಂತಿತು. 1978ರಲ್ಲಿ ಅಲಾಸ್ಕಾದ ಸೆನೆಟರ್ ಟೆಡ್ ಸ್ಟೀವನ್ಸ್ ತಂದ ತಿದ್ದುಪಡಿ, ರಾಜ್ಯಗಳು ಒಪ್ಪದೆ ಕೇಂದ್ರ ಈ ನಿಯಮ ಹೇರಬಾರದೆಂದು ಕೈ ಕಟ್ಟಿತು. ಗಂಟು ಬಿಚ್ಚಿದ್ದು ಬಾತುಗಳ ಸಾವಲ್ಲ, ಬೋಳು ಹದ್ದಿನ ಸಾವು. ಚರೆ ತಗಲಿದ ಬಾತನ್ನು ತಿಂದ ಹದ್ದೂ ಸಾಯುತ್ತಿತ್ತು. ರಾಷ್ಟ್ರಪಕ್ಷಿಯ ಹೆಸರಿನಲ್ಲಿ ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. 1986ರಲ್ಲಿ ಹಂತಹಂತವಾದ ನಿಷೇಧ ತೀರ್ಮಾನವಾಯಿತು. ಫಲವೂ ಕಂಡಿತು: ಮಿಸಿಸಿಪಿ ವಲಸೆದಾರಿಯಲ್ಲಿ ಮಲ್ಲಾರ್ಡ್ ಬಾತುಗಳ ಸೀಸವಿಷದ ಸಾವು ಶೇ. 64ರಷ್ಟು ಇಳಿಯಿತೆಂದು 2000ದಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು.

ನಿಷೇಧ ಬಂದಾಗ ಅಂಗಡಿಯಲ್ಲಿದ್ದ ಪರ್ಯಾಯ ಒಂದೇ, ಉಕ್ಕು. ಸೀಸದ ಚರೆಯ ಸಾಂದ್ರತೆ ಘನ ಸೆಂಟಿಮೀಟರಿಗೆ 11.1 ಗ್ರಾಂ ಆಸುಪಾಸು, ಉಕ್ಕಿನದು 7.8. ಹಗುರ ಚರೆ ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ, ಹಾಗಾಗಿ ಗಾತ್ರ ಹೆಚ್ಚಿಸಬೇಕು, ಗಾತ್ರ ಹೆಚ್ಚಿದರೆ ತೋಟೆಯೊಳಗೆ ಹಿಡಿಯುವ ಸಂಖ್ಯೆ ಇಳಿಯುತ್ತದೆ. ಗಡಸುತನದ ತೊಂದರೆ ಬೇರೆ. ಸೀಸ ನಳಿಗೆಯ ತುದಿಯ ಕಿರಿದಾದ ಭಾಗವಾದ ಚೋಕ್‌ನಲ್ಲಿ ಹಿಸುಕಿಕೊಂಡು ಸಾಗುತ್ತದೆ, ಉಕ್ಕು ಬಗ್ಗುವುದಿಲ್ಲ. ಹಳೆಯ ಬಿಗಿ ಚೋಕ್ ಕೋವಿಯಲ್ಲಿ ಉಕ್ಕು ಹಾರಿಸಿದರೆ ತುದಿಯ ಬಳಿ ಉಂಗುರದಂತೆ ಉಬ್ಬು ಏಳಬಹುದು. ಅಜ್ಜನ ಕಾಲದ ಜೋಡಿನಳಿಗೆ ಕೋವಿ ಇಟ್ಟುಕೊಂಡವರು ಉಕ್ಕನ್ನು ಬೈದದ್ದು ಸುಮ್ಮನೆ ಅಲ್ಲ.

ಮುಂದೆ ಬಂದ ಎಲ್ಲ ಲೋಹಗಳೂ ಕಳೆದುಕೊಂಡ ಆ ತೂಕವನ್ನು ಮರಳಿ ಪಡೆಯುವ ಪ್ರಯತ್ನಗಳೇ. ಯಾವುದು ಎಷ್ಟು ಪಡೆದಿದೆ ಎಂದು ಅಳೆಯಲು ಒಂದು ಒರಟು ಲೆಕ್ಕವಿದೆ, ಡಬ್ಬದ ಮೇಲಿನ ಜಾಹೀರಾತಿಗಿಂತ ಇದು ವಾಸಿ: ತಗಲುವ ವೇಗ ಸಮನಾಗಿದ್ದರೆ, ಚರೆ ಇಳಿಯುವ ಆಳ ಸಾಂದ್ರತೆ ಮತ್ತು ವ್ಯಾಸದ ಗುಣಲಬ್ಧಕ್ಕೆ ಹೊಂದಿಕೊಳ್ಳುತ್ತದೆ. ವ್ಯಾಸ ತಿಳಿಯಲು, ಅಮೆರಿಕದಲ್ಲಿ ಚರೆಯ ಗಾತ್ರಕ್ಕೆ ಕೊಡುವ ನಂಬರನ್ನು 17ರಿಂದ ಕಳೆಯಿರಿ. ಉಳಿದದ್ದು ಇಂಚಿನ ನೂರನೇ ಭಾಗಗಳು. ನಂಬರ್ 5 ಎಂದರೆ 0.12 ಇಂಚು, 3.05 ಮಿ.ಮೀ.

ಉಕ್ಕಿನ ನಂಬರ್ 2: 7.8 × 3.81, ಅಂದರೆ ಸುಮಾರು 29.7. ಉಕ್ಕಿನ ಬದಲು ಬಂದ, ಸೀಸಕ್ಕಿಂತ ತುಸು ಹಗುರಾದ ಲೋಹ ಬಿಸ್ಮತ್, ಅದರ ನಂಬರ್ 5: 9.6 × 3.05, ಸುಮಾರು 29.3. ಆಳ ಹೆಚ್ಚುಕಡಿಮೆ ಒಂದೇ. ಆದರೆ ಒಂದು ಔನ್ಸ್‌ನಲ್ಲಿ ಉಕ್ಕಿನವು 125 ಹಿಡಿದರೆ ಬಿಸ್ಮತ್ ಚರೆಗಳು ಸುಮಾರು 200. ಬಿಸ್ಮತ್‌ಗೆ ಕೊಡುವ ಹೆಚ್ಚಿನ ದುಡ್ಡಿಗೆ ಸಿಗುವುದು ಈ 75 ಚರೆ. ಸೀಸದ ನಂಬರ್ 6ಕ್ಕೆ ಒಗ್ಗಿದವರಿಗೆ ಬಿಸ್ಮತ್ ನಂಬರ್ 4 ಸರಿಜೋಡಿ. ಹಳೆ ನಂಬರನ್ನೇ ಕೇಳಿ ಕೊಂಡು 'ಬಿಸ್ಮತ್ ಸಾಲದು' ಎನ್ನುವವರು ಈ ಲೆಕ್ಕ ಮಾಡಿರುವುದಿಲ್ಲ.

ಬಿಸ್ಮತ್ ಒಪ್ಪಿಗೆ ಪಡೆದದ್ದು 1990ರ ದಶಕದಲ್ಲಿ, ಶೇ. 97 ಬಿಸ್ಮತ್‌ಗೆ ಶೇ. 3 ತವರ ಬೆರೆಸಿದ ರೂಪದಲ್ಲಿ. ಒಪ್ಪಿಗೆ ಬಾಯಿಮಾತಿನದಲ್ಲ. ಅಗತ್ಯ ಕಂಡರೆ ಮಲ್ಲಾರ್ಡ್ ಬಾತುಗಳಿಗೆ ನಂಬರ್ 4 ಗಾತ್ರದ ಎಂಟು ಚರೆ ನುಂಗಿಸಿ 30 ದಿನ ಗಮನಿಸುವ ಪರೀಕ್ಷೆ ಆಗಬೇಕು, ಚರೆಯಲ್ಲಿ ಉಳಿದ ಸೀಸ ಶೇ. 1ಕ್ಕಿಂತ ಕಡಿಮೆ ಇರಬೇಕು. ಸತುವಿನ ಚರೆ ಒಪ್ಪಿಗೆ ಪಡೆಯಲಿಲ್ಲ, ಅದೂ ಹಕ್ಕಿಗೆ ವಿಷವೇ.

ಬಿಸ್ಮತ್‌ನ ದೋಷ ಅದರ ಪೆಡಸುತನ. ಮೊದಲ ತೋಟೆಗಳಲ್ಲಿ ಸಿಡಿಮದ್ದಿನ ಹೊಡೆತಕ್ಕೇ ಚರೆಗಳು ಒಡೆಯುತ್ತಿದ್ದವು. ಒಡೆದ ಚೂರು ತೂಕವಿಲ್ಲದೆ ಎತ್ತಲೋ ಹೋಗುತ್ತದೆ. ಈಗ ಚರೆಗಳ ನಡುವೆ ಪ್ಲಾಸ್ಟಿಕ್ ಪುಡಿ ತುಂಬುತ್ತಾರೆ, ಕೆಲವರು ತಾಮ್ರದ ಲೇಪ ಕೊಡುತ್ತಾರೆ. ಆದರೂ ಉಕ್ಕಿನ ತೋಟೆಯಂತೆ ಸೆಕೆಂಡಿಗೆ 1,500 ಅಡಿ ವೇಗದ ಆಸೆ ಇಲ್ಲಿ ಬೇಡ. 1,300ರ ಆಸುಪಾಸಿನ ತೋಟೆಯೇ ಮೇಲು. ಹೆಚ್ಚಿನ ವೇಗ ಗಾಳಿಯಲ್ಲಿ ಬೇಗನೆ ಕರಗುತ್ತದೆ, ಒಡಕು ಮಾತ್ರ ಉಳಿಯುತ್ತದೆ.

ಟಂಗ್‌ಸ್ಟನ್‌ನ ದಾರಿ ಬೇರೆ. 3,400 ಡಿಗ್ರಿ ಸೆಲ್ಸಿಯಸ್ ದಾಟಿ ಕರಗುವ ಲೋಹವನ್ನು ಎರಕ ಹೊಯ್ದು ಚರೆ ಮಾಡುವಂತಿಲ್ಲ. ಹಾಗಾಗಿ ಕಬ್ಬಿಣ, ನಿಕಲ್, ಪ್ಲಾಸ್ಟಿಕ್ ಹೀಗೆ ಏನಾದರೊಂದರ ಜೊತೆ ಕೂಡಿಸಿದರು. ಪಾಲಿಮರ್‌ನಲ್ಲಿ ಟಂಗ್‌ಸ್ಟನ್ ಪುಡಿ ಕಲಸಿದ 'ಟಂಗ್‌ಸ್ಟನ್ ಮ್ಯಾಟ್ರಿಕ್ಸ್' ಸೀಸದಷ್ಟೇ ಮೃದು, ತೂಕವೂ ಹತ್ತಿರಹತ್ತಿರ; ಹಳೆ ಕೋವಿಗೆ ಅದಕ್ಕಿಂತ ಒಳ್ಳೆಯದು ಬಂದಿಲ್ಲ. ಆರೆಗನ್‌ನಲ್ಲಿ ಹುಟ್ಟಿದ ಹೆವಿ-ಶಾಟ್ ಸುಮಾರು 12 ಸಾಂದ್ರತೆಯದು, ಸೀಸವನ್ನೂ ಮೀರಿಸಿತು, ಆದರೆ ಚರೆಗಳು ಉರುಟಾಗಿರದೆ ಅಂಟಿಕೊಂಡ ಜೋಡಿಗಳೂ ಸಿಗುತ್ತಿದ್ದವು. ಕೊನೆಗೆ ಬಂದದ್ದು ಟಿಎಸ್ಎಸ್ (ಟಂಗ್‌ಸ್ಟನ್ ಸೂಪರ್ ಶಾಟ್), ಸಾಂದ್ರತೆ 18. ಅದರ ನಂಬರ್ 9 ಚರೆಯ ವ್ಯಾಸ ಬರೀ 2.03 ಮಿ.ಮೀ. ಗುಣಿಸಿದರೆ 36.5, ಹೆಬ್ಬಾತಿಗೆ ಬಳಸುವ 'ಬಿಬಿ' ಎಂಬ ದಪ್ಪ ಉಕ್ಕಿನ ಚರೆಯದು 35.6. ಒಂದು ಔನ್ಸ್‌ಗೆ ಬಿಬಿ 72, ಟಿಎಸ್ಎಸ್ 360ರ ಹತ್ತಿರ. 20 ಬೋರ್, 410 ಬೋರ್‌ನಂಥ ಸಣ್ಣ ಕೋವಿಗಳು ಟರ್ಕಿ ಕೋಳಿಯ ಶಿಕಾರಿಗೆ ಮರಳಿದ್ದು ಇದರಿಂದಲೇ. ಬೆಲೆ ಮಾತ್ರ ಉಕ್ಕಿನ ತೋಟೆಯ ಹತ್ತು ಪಟ್ಟಿನ ಆಸುಪಾಸು. ಬಾತನ್ನು 30 ಗಜದೊಳಗೆ ಇಳಿಸಿಕೊಳ್ಳಬಲ್ಲವರು ಅಷ್ಟು ಸುರಿಯುವುದು ದಂಡ.

ಬಯಲುಹಕ್ಕಿಗಳಾದ ಫೆಸೆಂಟ್, ಕೌಜುಗ, ಲಾವಕ್ಕಿಗಳ ಕಡೆ ನಿಯಮ ಒಂದೇ ರೀತಿ ಇಲ್ಲ. ಅಮೆರಿಕದ ಕೇಂದ್ರ ಸರ್ಕಾರದ ಬಾತು ಸಂವರ್ಧನಾ ಜಾಗಗಳಲ್ಲಿ ಫೆಸೆಂಟ್‌ಗೂ ವಿಷರಹಿತ ಚರೆಯೇ ಬೇಕು. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಎಲ್ಲ ಶಿಕಾರಿಗೂ ಸೀಸ ನಿಷಿದ್ಧ. ಡೆನ್ಮಾರ್ಕ್ 1996ರಲ್ಲೇ ಸೀಸದ ಚರೆಯನ್ನು ಪೂರ್ತಿ ಬಿಟ್ಟಿತು. ಯುರೋಪಿಯನ್ ಒಕ್ಕೂಟದ ಜೌಗುಗಳಲ್ಲಿ, ಅವುಗಳ 100 ಮೀಟರ್ ಸುತ್ತ, 2023ರ ಫೆಬ್ರವರಿ 15ರಿಂದ ಸಲ್ಲದು. (ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಕ್ಕಿ ಶಿಕಾರಿಯೇ ಅಪರಾಧ. ಗದಗದ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತು ಯಾವ ಚರೆಗೂ ಗುರಿಯಲ್ಲ. ಈ ಲೆಕ್ಕವೆಲ್ಲ ಪರವಾನಗಿ ಪಡೆದು ಅಮೆರಿಕ, ಕೆನಡಾಗಳಲ್ಲಿ ಶಿಕಾರಿಗೆ ಹೋಗುವ ಕನ್ನಡಿಗರಿಗೆ.)

ಬಯಲುಹಕ್ಕಿಗೆ ಬಿಸ್ಮತ್ ನಂಬರ್ 5 ಅಥವಾ 6 ಬಹುತೇಕ ಸಾಕು. ಅದಕ್ಕೆ ಇನ್ನೊಂದು ಕಾರಣ ಊಟದ ತಟ್ಟೆಯಲ್ಲಿದೆ: ಮಾಂಸದಲ್ಲಿ ಉಳಿದ ಬಿಸ್ಮತ್ ಚರೆ ಹಲ್ಲಿಗೆ ಸಿಕ್ಕರೆ ಪುಡಿಯಾಗುತ್ತದೆ, ಉಕ್ಕು ಅಥವಾ ಟಿಎಸ್ಎಸ್ ಸಿಕ್ಕರೆ ಹಲ್ಲು ಪುಡಿಯಾಗಬಹುದು. ಹಳೆ ಕೋವಿಯವರು ಲೋಹ ನೋಡುವ ಮೊದಲು ತೋಟೆಯ ಉದ್ದ ನೋಡಬೇಕು. ಕೋವಿಯಲ್ಲಿ ತೋಟೆ ಕೂರುವ ಎರಡೂವರೆ ಇಂಚಿನ ಗೂಡಿಗೆ ಎರಡೂಮುಕ್ಕಾಲು ಇಂಚಿನ ತೋಟೆ ಒಳಗೆ ಹೋಗುತ್ತದೆ, ಬಾಯಿ ಬಿಚ್ಚಿಕೊಳ್ಳಲು ಜಾಗವಿರುವುದಿಲ್ಲ, ಒತ್ತಡ ಏರುತ್ತದೆ. ಚರೆ ಮೃದುವಾಗಿದ್ದ ಮಾತ್ರಕ್ಕೆ ಅದು ತಪ್ಪುವುದಿಲ್ಲ. ಟಿಎಸ್ಎಸ್ ಗಡಸು ಚರೆ. ದಪ್ಪ ಪ್ಲಾಸ್ಟಿಕ್ ಬಟ್ಟಲಿನೊಳಗೆ ಸುತ್ತಿರದಿದ್ದರೆ ನಳಿಗೆಯನ್ನು ಗೀರುತ್ತದೆ, ಹಳೆಯದಕ್ಕೆ ಬೇಡವೇ ಬೇಡ.

ಯಾವುದನ್ನೇ ಕೊಂಡರೂ ಕಾಗದಕ್ಕೆ ಹೊಡೆದು ನೋಡಿ. ನಾಲ್ಕಡಿ ಚೌಕದ ಕಾಗದ, 40 ಗಜ, ದಟ್ಟವಾಗಿ ಬಿದ್ದ ಕಡೆ 30 ಇಂಚಿನ ವೃತ್ತ, ಒಳಗಿನ ತೂತುಗಳ ಎಣಿಕೆ. ಒಂದೇ ಈಡನ್ನು ನಂಬಬೇಡಿ, ಮೂರರಿಂದ ಐದು ಹೊಡೆದು ಸರಾಸರಿ ತೆಗೆಯಿರಿ. ಬಿಸ್ಮತ್ ಆದರೆ ತೂತಿನ ಆಕಾರವನ್ನೂ ನೋಡಬೇಕು: ದುಂಡಗಿನವುಗಳ ನಡುವೆ ಅಕ್ಕಿನುಚ್ಚಿನ ಗಾತ್ರದ ಸೀಳುಗಳು ಕಂಡರೆ ಚರೆ ಒಡೆಯುತ್ತಿದೆ. ಚೋಕ್ ಒಂದು ಹಂತ ಸಡಿಲಿಸಿ, ಆಗಲೂ ಬಿಡದಿದ್ದರೆ ಆ ತೋಟೆಯನ್ನೇ ಬದಲಿಸಿ.

ದಂಡ ಬೀಳುವುದು ಹೆಚ್ಚಾಗಿ ಜೇಬಿನಿಂದ. ಬೆಳವದ ಶಿಕಾರಿಯಲ್ಲಿ ಉಳಿದ ಒಂದು ಸೀಸದ ತೋಟೆ ಜೇಬಿನಲ್ಲಿದ್ದು ಬಾತಿಗೆ ಹೊರಟರೂ ಅಪರಾಧವೇ, ಹಾರಿಸಬೇಕೆಂದಿಲ್ಲ. ತಾಮ್ರ ಲೇಪದ ಸೀಸ, ತಾಮ್ರ ಲೇಪದ ಬಿಸ್ಮತ್ ಎರಡೂ ನೋಡಲು ಒಂದೇ. ನಿಕಲ್ ಲೇಪವಿದ್ದರೂ ಸೀಸ ಸೀಸವೇ. ಆಯಸ್ಕಾಂತ ಉಕ್ಕನ್ನು ಹಿಡಿದು ತೋರಿಸುತ್ತದೆ, ಬಿಸ್ಮತ್ ಯಾವುದು ಸೀಸ ಯಾವುದು ಎಂದು ಹೇಳಲಾರದು. ತೋಟೆಯ ಮೈಮೇಲೆ ಅಚ್ಚಾದ ಲೋಹದ ಹೆಸರು ಅಳಿಸಿದ್ದರೆ ಅದನ್ನು ಜೌಗಿಗೆ ಒಯ್ಯಬೇಡಿ.

ಬೆಲೆಯ ಮಾತು ಈಗ ಕೋವಿ ಅಂಗಡಿಯಲ್ಲಿ ಮುಗಿಯುವುದಿಲ್ಲ. ಬಿಸ್ಮತ್ ಹೆಚ್ಚಾಗಿ ಸೀಸ, ಟಂಗ್‌ಸ್ಟನ್ ಮುಂತಾದವುಗಳ ಸಂಸ್ಕರಣೆಯ ಉಪಉತ್ಪನ್ನ, ಬೇಡಿಕೆ ಬಂತೆಂದು ಗಣಿಯಿಂದ ಬೇರೆಯಾಗಿ ಹೆಚ್ಚು ತೆಗೆಯಲಾಗದು. ಬಿಸ್ಮತ್‌ನಲ್ಲೂ ಟಂಗ್‌ಸ್ಟನ್‌ನಲ್ಲೂ ಚೀನಾದ್ದೇ ಸಿಂಹಪಾಲು. 2025ರ ಫೆಬ್ರವರಿ 4ರಂದು ಚೀನಾ ಇವೆರಡನ್ನೂ ರಫ್ತು ನಿಯಂತ್ರಣದ ಪಟ್ಟಿಗೆ ಸೇರಿಸಿತು. ಕೆಲವೇ ವಾರಗಳಲ್ಲಿ ಹೊರಗಿನ ಮಾರುಕಟ್ಟೆಯಲ್ಲಿ ಬಿಸ್ಮತ್ ದರ ಹಲವು ಪಟ್ಟು ಏರಿತು. ಹಾಗಾಗಿ ಉಕ್ಕು ಹಾರಿಸಬಲ್ಲ ಹೊಸ ಕೋವಿ ಇರುವವರು ಹತ್ತಿರದ ಬಾತಿಗೆ ಉಕ್ಕನ್ನೇ ಬಳಸಿ, ಬಿಸ್ಮತ್ ಡಬ್ಬವನ್ನು ಹಳೆ ಕೋವಿಗೂ ಗಾಳಿ ಜೋರಾದ ದಿನಕ್ಕೂ ಎತ್ತಿಡುವುದು ಲೆಕ್ಕಕ್ಕೆ ಬರುತ್ತದೆ.